ಕೊನೆಯ ಪಿಗ್‌ಟೇಲ್

ಟಿಕ್.

ಗಾಜಿನ ಎಳೆ ತುಂಡಾದ ಸದ್ದು, ಉಗುರು ಮುರಿದಷ್ಟೇ. ನಡುರಾತ್ರಿಯ ಆಸ್ಪತ್ರೆಯಲ್ಲಿ ಅದೂ ದೊಡ್ಡದಾಗಿ ಕೇಳಿಸಿತು.

"ಮತ್ಯಾಕೆ ಕತ್ತರಿಸ್ದೆ?" ಎಂದೆ.

"ಬೆಸುಗೆ ಸರಿ ಬರ್ಲಿಲ್ಲ, ಅನಿಸ್ಯಾ." ತರಾಸ್ ನನ್ನ ಕಡೆ ನೋಡಲಿಲ್ಲ.

ಡ್ಯಾನ್ಯೂಬ್ ಕಡಲು ಸೇರುವ ನಮ್ಮೂರಿಗೆ ದೋಣಿ ಬಿಟ್ಟರೆ ದಾರಿಯಿಲ್ಲ. ಮೇಲಿನ ವಾರ್ಡಿನ ಅಜ್ಜಿಯ ಹೃದಯವನ್ನು ಬೆಳಿಗ್ಗೆ ತುಲ್ಚಾ ಪಟ್ಟಣದ ಡಾಕ್ಟರು ನಾವಿಬ್ಬರು ಜೋಡಿಸುತ್ತಿದ್ದ ಈ ಇಂಟರ್ನೆಟ್ ಲೈನಿನಲ್ಲೇ ನೋಡಬೇಕಿತ್ತು.

ಪಿಗ್‌ಟೇಲ್ ಎಂಬ ತುಂಡು ಗಾಜಿನೆಳೆಯ ಒಂದು ತುದಿಗೆ ಕನೆಕ್ಟರ್ ಇರುತ್ತದೆ, ಇನ್ನೊಂದು ಬರಿಯ ಎಳೆ. ಅದನ್ನು ಹೊರಗಿನಿಂದ ಬಂದ ಕೇಬಲ್ಲಿನ ಎಳೆಗೆ ಬೆಸೆಯಬೇಕು. ಕೆಟ್ಟರೆ ಕತ್ತರಿಸಿ ಮತ್ತೆ ಬೆಸೆಯಬಹುದು, ಆದರೆ ಪ್ರತಿ ಸಲವೂ ಅದು ಗಿಡ್ಡವಾಗುತ್ತದೆ. ಪೆಟ್ಟಿಗೆಯಲ್ಲಿ ಬೇರೆ ಇರಲಿಲ್ಲ.

ತರಾಸ್ ಬೆಳಗಿನ ದೋಣಿಯಲ್ಲಿ ತುಲ್ಚಾಕ್ಕೆ ಹೋಗಿ, ಅಲ್ಲಿಂದ ಹೊಸ ಕೆಲಸಕ್ಕೆಂದು ಕೊನ್‌ಸ್ತಾನ್ಸಾ ನಗರಕ್ಕೆ ಹೊರಡುವವನಿದ್ದ. ಎರಡು ವರ್ಷ ಒಂದೇ ಫ್ಲಾಸ್ಕಿನ ಚಹಾ ಕುಡಿದಿದ್ದೆವು. ಆಡಬೇಕಾದ ಮಾತು ಮಾತ್ರ ಇಬ್ಬರೂ ಆಡಿರಲಿಲ್ಲ.

ಅವನು ತುದಿಗಳನ್ನು ಯಂತ್ರದಲ್ಲಿಟ್ಟ. ಮಿಂಚು ಮಿನುಗಿತು. ಪರದೆ ನನಗೂ ಕಾಣುತ್ತಿತ್ತು: ಕುಂದಿಲ್ಲದ ಬೆಸುಗೆ. ಆದರೂ ಅವನ ಕೈ ಕತ್ತರಿಯತ್ತ ಹೋಯಿತು.

ಮಣಿಕಟ್ಟು ಹಿಡಿದೆ. "ಚೆನ್ನಾಗಿದೆ ಅದು."

"ಇಲ್ಲ..."

"ನಂಗೂ ಕಣ್ಣಿದೆ, ಮಾರಾಯ. ಹಿಂದಿನದೂ ಚೆನ್ನಾಗೇ ಇತ್ತು, ಅಲ್ವಾ?"

ಅವನ ಕಿವಿ ಕೆಂಪಾಯಿತು. "ಮುಗಿದ್ರೆ ನೀನು ಮನೆಗೆ ಹೊರಟುಬಿಡ್ತೀಯ."

ಮೇಲೆ ಅಜ್ಜಿ ಕೆಮ್ಮಿದರು. ಅವನನ್ನು ಪಕ್ಕಕ್ಕೆ ಸರಿಸಿದೆ. ಬೆಸುಗೆಯ ಮೇಲೆ ಅದನ್ನು ಕಾಯುವ ಕೊಳವೆ ಎಳೆದು ಬಿಸಿ ಮಾಡಿದೆ, ಉಳಿದ ಎಳೆಯನ್ನು ಸುರುಳಿ ಸುತ್ತಿ ತಟ್ಟೆಯಲ್ಲಿ ಕೂರಿಸಿದೆ. ಒಂದು ಸುತ್ತಿಗಷ್ಟೇ ಸಾಕಾಯಿತು. ಕನೆಕ್ಟರ್ ಸಿಕ್ಕಿಸಿದಾಗ ಹಸಿರು ದೀಪ ಹೊತ್ತಿತು.

"ಇನ್ಮೇಲೆ ಗಾಜು ಮುರೀಬೇಡ. ಬಾಯಿ ಬಿಡು."

ಅವನು ಬಾಯಿ ಬಿಟ್ಟ. "ನೀನಿಲ್ದೆ ನಂಗೆ ಆ ಊರು ಬೇಡ."

"ಊರೂ ಬೇಕು, ಕೆಲಸಾನೂ ಬೇಕು. ಭಾನುವಾರದ ದೋಣಿಗೆ ನಾನು ಬರ್ತೀನಿ. ತುಲ್ಚಾದ ಕಟ್ಟೆ ಮೇಲೆ ನಿಂತಿರು."

"ನಿಮ್ಮಮ್ಮ?"

"ಕೂಗಾಡ್ತಾಳೆ. ಕೂಗಾಡ್ಲಿ."

ಎಳೆ ಒರೆಸುವ ಸ್ಪಿರಿಟ್ಟಿನ ವಾಸನೆಯ ಬೆರಳುಗಳಿಂದ ಅವನು ನನ್ನ ಮುಂಗುರುಳು ಸರಿಸಿದ.

ಬೆಳಿಗ್ಗೆ ನಮ್ಮ ಮೇಸ್ತ್ರಿಯ ಫೋನ್ ಬಂತು. "ಒಂದು ಪಿಗ್‌ಟೇಲಿಗೆ ರಾತ್ರಿಯೆಲ್ಲ ಬೇಕಾಯ್ತೇನಮ್ಮ? ನಿದ್ದೆ ಹೊಡೆದ್ರಾ?"

ಕಿಟಕಿಯಾಚೆ ದೋಣಿ ತಿರುವು ದಾಟುತ್ತಿತ್ತು. ಹಿಂಬದಿಯಲ್ಲಿ ನಿಂತ ತರಾಸ್ ಟೊಪ್ಪಿಗೆ ಎತ್ತಿ ಬೀಸಿದ.

"ವಿಪರೀತ ಚಳಿ, ಗ್ರಿಗೋರೆ ಮಾಮ. ಗಾಜು ಹಟ ಮಾಡ್ತು."

ಹಟ ಮಾಡಿದ್ದು ಯಾರೆಂದು ಯಾರಿಗೂ ಹೇಳಬಾರದು, ಅಮ್ಮನಿಗೂ ಕೂಡ, ಎಂದು ಆಗಲೇ ನಿಶ್ಚಯಿಸಿಕೊಂಡೆ.