ರೋಗಿಗೆ ನೀವೇನಾಗಬೇಕು?

"ಫೋನ್ ಎತ್ತಲ್ಲ, ಮೆಸೇಜ್ ನೋಡಲ್ಲ. ಬ್ಯಾರೆ ಗಂಡು ಗೊತ್ತಾಯ್ತೇನೋ ಅಂದ್ಕಂಡಿದ್ದೆ ಕಣೇ," ಎಂದ ತಿಮ್ಮೇಶ, ತನ್ನ ಆಟೋದ ಕನ್ನಡಿಯಲ್ಲಿ ಹೇಮಶ್ರೀಯನ್ನು ನೋಡುತ್ತ.

"ನಂಗೆ ಪುರುಸೊತ್ತೆಲ್ಲಿ? ಇವ್ನ ಕಾಯೋದ್ರಲ್ಲೇ ಆಯ್ತು." ಅವಳ ಹೆಗಲಿಗೊರಗಿ ಅಣ್ಣ ಚಲುವರಾಜು ನಡುಗುತ್ತಿದ್ದ.

"ಕಣ್ ಕೆಳ್ಗೆ ಏನದು, ಕಾಡಿಗೆ ಹರಡೈತಾ?"

"ಕಾಡಿಗೆ ಹಚ್ಚಿ ಎಷ್ಟು ಕಾಲಾಯ್ತೋ."

ತಿಮ್ಮೇಶ ಆಟೋದ ವೇಗ ಹೆಚ್ಚಿಸಿದ.

ಅಣ್ಣನದು ಮಾತ್ರೆಯ ಚಟ, ಸೂಜಿಯ ಚಟ. ಮನೆಯವರು ದೇವರ ಮುಂದೆ ನಿಲ್ಲಿಸಿ ಆಣೆ ಇಡಿಸಿದರು. ಮತ್ತೆ ಇಡಿಸಿದರು. ದೇವರೂ ದಣಿದಿರಬೇಕು. ಆಸ್ಪತ್ರೆಗೆ ಸೇರಿಸೋಣ ಎಂದು ಹೇಮಶ್ರೀ ಅಂದದ್ದಕ್ಕೆ ಅಪ್ಪ ಮರಿಸ್ವಾಮಿ, "ಬೂಕನಕೆರೇಲಿ ನಾವು ತಲೆ ಎತ್ಕಂಡು ತಿರುಗೋದು ಬ್ಯಾಡ್ವಾ?" ಎಂದಿದ್ದರು. ಮಗ ಸಾಯಬಹುದು, ಮಾನ ಸಾಯಬಾರದು! ಜೊತೆಗೆ ಕರೆದರೆ ಚಿಕ್ಕಪ್ಪಂದಿರಿಗೂ ಇವತ್ತೇ ಕಬ್ಬು ಕಡಿಸುವ ಕೆಲಸ ಬಂತು.

ಬಂದವನು ತಿಮ್ಮೇಶನೊಬ್ಬನೇ. ಜಾತಿಯ ಕಾರಣಕ್ಕೆ ಆ ಮನೆಯ ಜಗಲಿ ಹತ್ತಬಾರದವನು. ಹೋದ ಯುಗಾದಿಯಲ್ಲಿ ಇದೇ ಚಲುವರಾಜು, "ನಮ್ಮುಡ್ಗಿ ಸುದ್ದಿಗೆ ಬಂದ್ರೆ ಕಾಲ್ ಮುರೀತೀನಿ ಕಣ್ಲಾ" ಎಂದು ಸಂತೆಯಲ್ಲಿ ಅವನ ಕಾಲರ್ ಹಿಡಿದಿದ್ದ.

ನಾಗಮಂಗಲದ ಕಡೆಯ ಚಟ ಬಿಡಿಸುವ ಆಸ್ಪತ್ರೆಯಲ್ಲಿ ನರ್ಸ್ ತಲೆ ಎತ್ತದೆಯೇ ಹೇಳಿದಳು: "ಗಂಡಸರ ವಾರ್ಡು. ಜೊತೆಗಿರೋಕೆ ಮನೆಯ ಗಂಡಸೇ ಬೇಕು. ಇಲ್ದಿದ್ರೆ ಅಡ್ಮಿಟ್ ಆಗಲ್ಲ."

ಹೇಮಶ್ರೀ ಅಣ್ಣನ ತೋಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಈಗ ವಾಪಸ್ಸು ಹೋದರೆ ಅಣ್ಣ ಮತ್ತೆ ಬರುವವನಲ್ಲ. ಅವನನ್ನು ಇನ್ನೊಮ್ಮೆ ಒಪ್ಪಿಸುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

"ನಾನಿರ್ತೀನಿ," ಎಂದ ತಿಮ್ಮೇಶ.

"ರೋಗಿಗೆ ನೀವೇನಾಗಬೇಕು?"

ಅವನು ಹೇಮಶ್ರೀಯ ಕಡೆ ನೋಡಿದ. ಇಷ್ಟು ಸುಸ್ತಿನಲ್ಲೂ ಅವಳ ಕಿವಿ ಬಿಸಿಯಾಯಿತು.

"ಬಾವ."

ನರ್ಸ್ ಚಲುವರಾಜುವಿನತ್ತ ತಿರುಗಿದಳು. "ಹೌದೇನಪ್ಪಾ?"

"ಅಲ್ಲ" ಎಂದರೆ ಸಾಕು. ಅವನು ಮತ್ತೆ ಮಾತ್ರೆಯ ಬಳಿಗೆ ಹೋಗಬಹುದು. ಜಾತಿಯ ಮಾನವೂ ಉಳಿಯುತ್ತದೆ. ಬೆವೆತ ಮುಖ ಎತ್ತಿ ಅವನು ಬಾಗಿಲು ನೋಡಿದ, ತಿಮ್ಮೇಶನ ಕಾಲರ್ ನೋಡಿದ, ಆಮೇಲೆ ತಂಗಿಯ ಮುಖ ನೋಡಿದ. ಬಹಳ ಹೊತ್ತು.

"ನಮ್ ಬಾವನೇ ಕಣಕ್ಕಾ," ಎಂದ. "ಬೇಗ ಒಳಕ್ಕಾಕಿ ನನ್ನ."

ಅವನನ್ನು ಮಂಚದ ಮೇಲೆ ಮಲಗಿಸಿದ ನಂತರ ಇಬ್ಬರೂ ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತರು.

"ನನ್ನೊಂದ್ ಮಾತು ಕೇಳ್ದೆ ಬಾವ ಆಗ್ಬುಟ್ಯಲ್ಲ?" ಎಂದಳು ಹೇಮಶ್ರೀ.

"ಕೇಳವ ಅಂದ್ರೆ ನೀ ಫೋನ್ ಎತ್ತಿದ್ರೆ ತಾನೇ?"

"ಈಗ ಎದ್ರುಗೇ ಇವ್ನಿ. ಕೇಳು."

"ಬ್ಯಾಡ. ಮೊದ್ಲು ನಿದ್ದೆ ಮಾಡು. ನಿದ್ಗಣ್ಣಲ್ಲಿ ಊಂ ಅಂದ್ರೆ ನಂಗೆ ಲೆಕ್ಕಕ್ಕಿಲ್ಲ."

ಅವಳು ನಕ್ಕಳು. ತಿಂಗಳುಗಳಿಂದ ಬಳಸದ ನಗು, ಅರ್ಧಕ್ಕೇ ನಿಂತಿತು.

ಆಗಲೇ ಅಪ್ಪನ ಫೋನು. "ಅವ್ನ ಜೊತೆ ಯಾರಮ್ಮಿ ಇರೋರು?"

ಹೇಮಶ್ರೀ ತಿಮ್ಮೇಶನ ಕಣ್ಣಿಂದ ಕಣ್ಣು ಕೀಳಲಿಲ್ಲ. "ನಿಮ್ಮಳಿಯ ಅವ್ರೆ ಬುಡಪ್ಪ."

ಆ ಕಡೆಯ ಕೂಗು ಮುಗಿಯುವ ಮೊದಲೇ ಫೋನು ಆಫ್ ಮಾಡಿ ಅವನ ಜೇಬಿಗೆ ಹಾಕಿದಳು. ಹೆಗಲಿಗೆ ತಲೆ ಆನಿಸಿದಳು. ಅವನು ಏನೋ ಕೇಳಿದ. ಅಷ್ಟರಲ್ಲಿ ಅವಳಿಗೆ ನಿದ್ದೆ ಹತ್ತಿತ್ತು.