ಉಸಿರಿನ ಜಾಗದಲ್ಲಿ ಕತ್ತರಿ

ನಾಲ್ಕು ಜನ ಕೂತ ಕಡೆ ತನ್ನ ಗಂಟಲು ಯಾಕೆ ಕಟ್ಟಿಹೋಗುತ್ತದೆ ಎಂದು ಮೌನಿ ದಿನಚರಿಯಲ್ಲಿ ಬರೆದುಕೊಳ್ಳುತ್ತಿದ್ದಾಗ ಕರೆಗಂಟೆ ಸದ್ದು ಮಾಡಿತು. ಪದವಿ ಕೈಗೆ ಬಂದಿದ್ದರೂ ಬಾಯಿಗೆ ಮಾತು ಬಂದಿರಲಿಲ್ಲ. ಮೌನಿ ಎಂಬ ಅಡ್ಡಹೆಸರು ಸೋದರತ್ತೆ ಇಟ್ಟದ್ದು. ಆ ಅತ್ತೆಗೆ ಬೀದಿಯವರು ಇಟ್ಟದ್ದು ಜಾಲಾಡಿ. ಅವರ ಕಣ್ಣು ತಪ್ಪಿಸಿ ಒಂದು ಸೂಜಿಯೂ ಕಳೆದುಹೋಗುವಂತಿರಲಿಲ್ಲ.

ಬಂದವಳು ಪಕ್ಕದ ಬೀದಿಯ ಸ್ಯಾಕ್ಸೊಫೋನ್ ವಾದಕರ ಮಗಳು.

"ತೀರಿಹೋದ ಅಪ್ಪನ ಟೇಪನ್ನ ಯಾರೋ ಕತ್ತರಿಸಿ ಅಂಟಿಸಿದಾರೆ, ಆಂಟಿ. ಡಬ್ಬಿ ಮೇಲೆ ಬರೆದಷ್ಟು ನಿಮಿಷ ಇಲ್ಲ, ನಡುವಿನ ವಾದನವೇ ಮಾಯ!"

ಆಕೆಯ ಅಪ್ಪ ಜೀವಮಾನವೆಲ್ಲ ಟೆನರ್ ಸ್ಯಾಕ್ಸೊಫೋನಿನಲ್ಲಿ ಜಾಝ್ ನುಡಿಸಿದವರು. ಜನ ಚಪ್ಪಾಳೆ ತಟ್ಟಿದರು, ಮನೆಗೆ ಹೋಗಿ ಮರೆತರು. ಈಗೊಂದು ಕಂಪನಿ ಅವರ ಆಲ್ಬಂ ತರುವ ಮನಸ್ಸು ಮಾಡಿತ್ತು.

"ನಾಳೆ ಈ ಟೇಪು ಕೇಳೇ ತೀರ್ಮಾನ ಮಾಡ್ತಾರೆ. ಇದೂ ತಪ್ಪಿದರೆ ಅಪ್ಪನ ಹೆಸರು ಅಪ್ಪನ ಜೊತೆಗೇ ಹೋಯ್ತು."

"ಟೇಪು ಇಟ್ಟ ಕೋಣೆಗೆ ಯಾರ್ಯಾರು ಹೋಗ್ತಾರೆ?" ಅತ್ತೆ ಕೇಳಿದರು.

"ನಾನು, ಚಿಕ್ಕಪ್ಪ, ಅಪ್ಪನ ಶಿಷ್ಯ. ಅವರೀಗ ದೊಡ್ಡ ಮನುಷ್ಯರು. ಅವರ ಟ್ಯೂನು ಲಿಫ್ಟಿನಲ್ಲೂ ಕೇಳಿಸುತ್ತಲ್ಲ, ಗೊತ್ತಲ್ವಾ?"

ಗೊತ್ತಿಲ್ಲದವರು ಯಾರು? ಮೌನಿಯೂ ಅದನ್ನು ಗುನುಗಿದವಳೇ.

ಗೋಡೆಗೆಲ್ಲ ದಪ್ಪ ಬಟ್ಟೆ ಬಡಿದ ಆ ಕೋಣೆಯಲ್ಲಿ ಚಿಕ್ಕಪ್ಪ ಕಾಯುತ್ತಿದ್ದರು. ಟೇಪಿನಲ್ಲಿ ಡ್ರಮ್ ಬಾರಿಸಿದವರು ಅವರೇ.

"ಅನುಮಾನ ನನ್ನ ಮೇಲೇ ತಾನೆ? ಅಣ್ಣ ತಮ್ಮ ಹಾವು ಮುಂಗುಸಿ ಹಾಗಿದ್ವಿ. ಆದ್ರೆ ಆವತ್ತು ಅವನು ನುಡಿಸಿದ್ದು ಕೇಳಿ ನಾನೇ ಬೆಪ್ಪಾಗಿದ್ದೆ. ಶಿಷ್ಯ ಹೊಸದಾಗಿ ಸೇರಿದ್ದ ಕಾಲ ಅದು. ಅವನು ಊದಿದ್ರೆ ಬಾತುಕೋಳಿ ಕೂಗಿದ ಹಾಗಿರೋದು!"

ಅತ್ತೆ ಟೇಪು ಹಾಕಿಸಿದರು. ಮೌನಿಯ ಪಾದ ತಾನಾಗಿ ತಾಳ ಹಾಕತೊಡಗಿತು. ಒಂದು ಕಡೆ ವಾದಕರು ಉಸಿರೆಳೆದುಕೊಂಡದ್ದು ತುಂಬು ಸದ್ದಾಗಿ ಕೇಳಿಸಿತು, ಮರುಕ್ಷಣವೇ ಅವಳ ಪಾದ ತಪ್ಪಿತು.

"ಏನೇ, ಕಾಲು ಎಡವಿತಾ?" ಅತ್ತೆ ನಕ್ಕರು. "ಶಿಷ್ಯನಿಗೂ ಹೇಳಿಕಳಿಸಿ. ಸಂಜೆ ಎಲ್ಲರೂ ಸೇರೋಣ."

ಸಂಜೆ ಶಿಷ್ಯ ಬಂದು ಕುರ್ಚಿಯ ತುದಿಯಲ್ಲಿ ಕೂತ.

"ಕತ್ತರಿಸಿದ ಜಾಗದಲ್ಲಿ ತಾಳ ಕುಂಟುತ್ತೆ," ಅತ್ತೆ ಶುರುಮಾಡಿದರು. "ಡ್ರಮ್ ಬಾರಿಸೋನು ಪ್ರಾಣ ಬಿಟ್ಟಾನು, ತಾಳ ಬಿಡಲ್ಲ. ಹಾಗಾಗಿ ಚಿಕ್ಕಪ್ಪ ಅಲ್ಲ. ಮಗಳು ಸಂಗೀತ ಕಲಿತವಳಲ್ಲ, ಅವಳಾದ್ರೆ ಎಲ್ಲ ವಾದ್ಯ ಸುಮ್ಮನಾಗೋ ಜಾಗ ಹುಡುಕ್ತಿದ್ದಳು. ಇಲ್ಲಿ ಬ್ಲೇಡು ಬಿದ್ದಿರೋದು ಉಸಿರೆಳೆದು ಮುಗಿದ ಮೇಲೆ, ಸ್ವರ ಹೊರಡೋ ಮೊದಲು. ತಾಳ ಕೆಟ್ಟರೂ ಉಸಿರು ಕೆಟ್ಟಿಲ್ಲ. ಹಾಗೆ ಕತ್ತರಿಸೋನು ಊದೋನೇ. ಇಲ್ಲಿ ಈಗ ಊದೋನು ಒಬ್ಬನೇ. ತುಂಡನ್ನ ನೀನು ಎಸೆದಿರಲ್ಲಪ್ಪ, ಮನಸ್ಸು ಬಂದಿರಲ್ಲ. ತೆಗಿ."

ಶಿಷ್ಯ ವಾದ್ಯದ ಪೆಟ್ಟಿಗೆಯಿಂದ ಪುಟ್ಟ ಸುರುಳಿ ತೆಗೆದಿಟ್ಟ. "ಗುರುಗಳ ಸ್ವರ ಅಲ್ಲಿ ಒಡೆದಿದೆ. ಅವರ ಮಾನ ಉಳಿಸೋಕೆ ಕತ್ತರಿಸಿದೆ."

"ನಂಗೊಂದು ಮಾತು ಹೇಳಬಾರದಿತ್ತಾ, ಅಣ್ಣಾ?" ಎಂದ ಮಗಳ ಕಣ್ಣು ತುಂಬಿತು.

ತುಂಡನ್ನು ಹಾಕಿದರು. ಸ್ವರ ಒಡೆದದ್ದು ನಿಜ. ಆ ಒಡಕಿನಿಂದಲೇ ಒಂದು ಟ್ಯೂನು ಮೆಲ್ಲಗೆ ಮೇಲೆದ್ದಿತು.

"ಇದು ಆ ಲಿಫ್ಟಿನಲ್ಲಿ ಕೇಳಿಸೋ ಟ್ಯೂನಲ್ವೇನಯ್ಯ?" ಚಿಕ್ಕಪ್ಪ ಹುಬ್ಬೇರಿಸಿದರು.

"ನಂದೇ. ಈ ಟೇಪಿಗೂ ಮೊದಲೇ ಗುರುಗಳಿಗೆ ನುಡಿಸಿ ತೋರಿಸಿದ್ದೆ," ಎಂದ ಶಿಷ್ಯ, ತಲೆಯೆತ್ತದೆ.

"ಹಾಗಾದ್ರೆ ಈ ತುಂಡು ಬೇಡ," ಮಗಳು ಕಣ್ಣೊರೆಸಿಕೊಂಡಳು. "ಅಪ್ಪ ಇನ್ನೊಬ್ಬರದ್ದು ಕದ್ದರು ಅನ್ನಿಸೋದು ಬೇಡ. ಅದಿಲ್ಲದೇ ಕೊಡ್ತೀನಿ."

ಅತ್ತೆ ಬಾಯಿ ತೆರೆದರು, ಮೌನಿಯ ಮುಖ ಕಂಡು ಮುಚ್ಚಿಕೊಂಡರು.

ಮೌನಿ ಎದ್ದು ಶಿಷ್ಯನ ಎದುರು ನಿಂತಳು.

"ಈ ಟೇಪು ಮಾಡಿದಾಗ ನಿಮಗೆ ಊದೋಕೇ ಬರ್ತಿರಲಿಲ್ಲ, ಬಾತುಕೋಳಿ ಕೂಗಿದ ಹಾಗಿತ್ತಂತೆ. ಟ್ಯೂನು ಗುರುಗಳದ್ದು."