ತಳ್ಳಿದರೆ ತೆರೆಯುವ ಬಾಗಿಲು

ಅಡುಗೆಮನೆಯ ಬಾಗಿಲನ್ನು ಅತ್ತಿಗೆ ಸರಕ್ಕನೆ ಎಳೆದಳು. ಹೊರಗೆ ಮೈದುನ ನಿಂತಿದ್ದ… ಇವತ್ತೂ!

“ಕಿವೀನ ಬಾಗಿಲಿಗೇ ಅಂಟಿಸಿಬಿಡು, ಅನುಕೂಲ! ಒಳಗೆ ನಾನೊಬ್ಬಳೇ. ಏನು ಕೇಳಿಸ್ಕೊಂಡೆ?”

“ನೀರು ಬೇಕಿತ್ತು ಅತ್ತಿಗೆ…”

ಗೆಳೆಯರ ಜೊತೆ ಅಂಗಡಿಯೊಂದರ ಬೀಗ ಒಡೆದು ಜೈಲಿಗೆ ಹೋದವನು. ಅವನು ಅಲ್ಲಿದ್ದಾಗಲೇ ಅವಳ ಗಂಡ ತಮ್ಮನಿಗಾಗಿ ಕೊರಗಿ ಕೊರಗಿ ಕಣ್ಣು ಮುಚ್ಚಿದ್ದ. “ಬಂದರೆ ಒಳಗೆ ಕರ್ಕೋ” ಎಂಬುದೇ ಅವನ ಕೊನೆಯ ಮಾತು. ಕರೆದುಕೊಂಡಿದ್ದಳು. ಕೋಣೆ ಕೊಟ್ಟಳು, ಊಟ ಕೊಟ್ಟಳು, ಮಾತು ಕೊಡಲಿಲ್ಲ. ಒಂದೇ ಮನೆಯಲ್ಲಿ ಇಬ್ಬರೂ ಒಂಟಿ.

ಜೈಲಿನಿಂದ ಬಂದವರಿಗೆ ವೆಲ್ಡಿಂಗ್ ಕಲಿಸಿ, ತಮ್ಮಲ್ಲೇ ಕೆಲಸ ಕೊಡುವ ಮೇಸ್ತ್ರಿಯೊಬ್ಬರು ಅವನನ್ನು ಕರೆದಿದ್ದರು. ಅಂದೇ ಮೊದಲ ದಿನ. ಹೋದವನು ಮಧ್ಯಾಹ್ನಕ್ಕೇ ಮರಳಿ ಬಂದು ಮೆಟ್ಟಿಲ ಮೇಲೆ ಕುಳಿತ.

“ಅರ್ಧ ದಿನಕ್ಕೇ ಓಡಿಬಂದ್ಯಾ?”

ಸಂಜೆ ಮೇಸ್ತ್ರಿಯೇ ಬಂದರು. “ನಿಮ್ಮ ಮೈದುನ ಬರಲೇ ಇಲ್ಲವಲ್ಲಮ್ಮಾ?”

“ಬಂದಿದ್ದೆ ಸಾರ್. ಬಾಗಿಲು ಹಾಕಿತ್ತು. ತಟ್ಟಿದೆ…”

“ಸುತ್ತಿಗೆ ಸದ್ದಲ್ಲಿ ತಟ್ಟಿದ್ದು ಯಾರಿಗಪ್ಪಾ ಕೇಳ್ಸುತ್ತೆ! ವೆಲ್ಡಿಂಗ್ ಬೆಳಕು ದಾರಿಯವರ ಕಣ್ಣಿಗೆ ಹೊಡೆಯುತ್ತೆ ಅಂತ ಬಾಗಿಲು ಮುಂದೆ ಮಾಡಿರ್ತೀವಿ ಅಷ್ಟೆ. ತಳ್ಳಿ ಬರೋದಲ್ವಾ?”

“ಯಾರಾದ್ರೂ ತೆಗೀತಾರೆ ಅಂತ… ಜೈಲಲ್ಲಿ ನಾವು ಬಾಗಿಲು ಮುಟ್ಟೋ ಹಾಗಿರಲಿಲ್ಲ ಸಾರ್.”

ಅತ್ತಿಗೆ ಅಡುಗೆಮನೆಯ ಬಾಗಿಲತ್ತ ತಿರುಗಿದಳು. ಅಡುಗೆಮನೆಯ ಮುಂದೆ, ಬಚ್ಚಲಿನ ಮುಂದೆ ಅವನು ಕೈಕಟ್ಟಿ ನಿಂತಿರುತ್ತಿದ್ದುದು… ಅಯ್ಯೋ, ಕದ್ದು ಕೇಳಲಿಕ್ಕಲ್ಲ!

“ನಾಳೆ ಒಳಗೆ ಕಾಣಿಸದಿದ್ರೆ ಆ ಜಾಗ ಬೇರೆಯವರಿಗೆ” ಎಂದು ಮೇಸ್ತ್ರಿ ಹೊರಟರು.

ಬೆಳಗ್ಗೆ ಅವಳೂ ಜೊತೆಗೆ ನಡೆದಳು. ಮೇಸ್ತ್ರಿಯ ಶೆಡ್ಡಿನ ತಗಡಿನ ಬಾಗಿಲ ಮುಂದೆ ಅವನ ಕಾಲು ನಿಂತಿತು. ತಾನೇ ತಳ್ಳಲು ಎತ್ತಿದ ಕೈಯನ್ನು ಅವಳು ಹಿಂದಕ್ಕೆ ಎಳೆದುಕೊಂಡಳು.

“ಕೈ ಬರ್ತಿಲ್ಲ ಅತ್ತಿಗೆ…”

“ನಿಮ್ಮಣ್ಣ ಇದ್ದಿದ್ರೆ ಒದ್ದು ಒಳಗೆ ಕಳಿಸ್ತಿದ್ರು. ನನಗೆ ಮಂಡಿನೋವು. ನೀನೇ ತಳ್ಳಪ್ಪಾ!”

ಅವನು ನಕ್ಕನೋ ಅತ್ತನೋ ತಿಳಿಯಲಿಲ್ಲ. ನೀಲಿ ಬೆಳಕೊಂದು ಮಿಂಚಿತು. ಬಾಗಿಲು ಅವನ ಬೆನ್ನ ಹಿಂದೆ ಮುಚ್ಚಿಕೊಂಡಿತು. ಹೊರಗೆ ಉಳಿದವಳು ಅವಳು. ಇಡೀ ಹಗಲು ಮನೆ ಬಿಕೋ ಎನ್ನುತ್ತಿತ್ತು.

ಸಂಜೆ ಹೆಜ್ಜೆ ಸಪ್ಪಳ ಅಡುಗೆಮನೆಯ ಹೊರಗೆ ಬಂದು ನಿಂತಿತು. ಎದ್ದು ತೆರೆಯಲು ಅವಳ ಜೀವ ಒದ್ದಾಡಿತು. ಏಳಲಿಲ್ಲ. ಲೋಟಕ್ಕೆ ನೀರು ತುಂಬಿ, ಬಾಗಿಲನ್ನೇ ನೋಡುತ್ತ ಕುಳಿತಳು.

ಬಾಗಿಲು ಬೆರಳಷ್ಟು ಸರಿಯಿತು…